ಅಮೆರಿಕದ ಕಾಗದ, ಧಾರವಾಡದ ಟೈಪಿಂಗ್ ಅಂಗಡಿ

ಈ ಅಂಗಡಿಗೆ ಹೆಸರಿಲ್ಲ. ಧಾರವಾಡ ಕೋರ್ಟಿನ ಹತ್ತಿರ, ವಕೀಲರ ಸ್ಕೂಟರ್ ಸಾಲು ಮುಗಿಯುವಲ್ಲಿ, ಒಂದು ತಗಡಿನ ಮೇಲೆ ‘ಜೆರಾಕ್ಸ್, ಟೈಪಿಂಗ್, ಭಾಷಾಂತರ’ ಅಂತ ಬರೆದಿದೆ. ಅದರಲ್ಲೂ ‘ಷ’ದ ಹೊಟ್ಟೆಯೊಳಗಿನ ಗೆರೆ ಬಣ್ಣ ಉದುರಿ ‘ಪ’ ಆಗಿದೆ. ‘ಭಾಪಾಂತರ’ ಎಂದು ಓದಿಕೊಂಡು ನಾನು ಎರಡು ಸಲ ಮುಂದೆ ಹೋಗಿಬಿಟ್ಟಿದ್ದೆ. ಒಳಗೆ ಕೂರುವವರನ್ನು ಎಲ್ಲರೂ ಮಾಸ್ತರ್ ಅಂತಾರೆ. ಹಿಂದೆ ಟೈಪ್‌ರೈಟಿಂಗ್ ಕ್ಲಾಸ್ ನಡೆಸುತ್ತಿದ್ದರಂತೆ.

ನನ್ನ ಮಗಳು ಈಗ ನ್ಯೂಜೆರ್ಸಿಯಲ್ಲಿ ಗಂಡನ ಜೊತೆ ಇದ್ದಾಳೆ. ಅವಳ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಇರುವ ಪರವಾನಗಿಯ ಕಾಗದಪತ್ರ ಓಡಾಡಿಸಿದವನು ನಾನು. ಅದಕ್ಕಾಗಿ ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಗೂ ದುಡ್ಡು ಕೊಟ್ಟೆ, ಈ ಮಾಸ್ತರರಿಗೂ ಕೊಟ್ಟೆ. ಯಾರಿಗೆ ಎಷ್ಟು ಕೊಟ್ಟು ಏನು ಪಡೆದೆ ಅಂತ ಬರೆಯುತ್ತೇನೆ. ನಾನು ವಾಯವ್ಯ ಸಾರಿಗೆಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು, ಜಾಸ್ತಿ ವರ್ಷ ಹುಬ್ಬಳ್ಳಿ–ಗದಗ ಗಾಡಿಯಲ್ಲೇ. ಲೆಕ್ಕ ಒಪ್ಪಿಸದೆ ಮನೆಗೆ ಹೋಗಿ ರೂಢಿಯಿಲ್ಲ.

ಮೊದಲು ಕನ್ಸಲ್ಟೆನ್ಸಿ. ಹೆಸರು ಬೇಡ. ಗಾಜಿನ ಬಾಗಿಲು, ಏಸಿ, ಮೇಜಿನ ಮೇಲೆ ಪುಟ್ಟ ಅಮೆರಿಕದ ಬಾವುಟ. ಒಟ್ಟು 35 ಸಾವಿರ ಅಂದರು, 15 ಸಾವಿರ ಮುಂಗಡ ಇಸಕೊಂಡರು. ಟೈ ಕಟ್ಟಿದ ಹುಡುಗ ಮೂರು ಮಾತು ಹೇಳಿದ. ಎಲ್ಲ ಕಾಗದಕ್ಕೂ ನೋಟರಿ ಬೇಕು. ಎಲ್ಲಕ್ಕೂ ಅಪಾಸ್ಟಿಲ್, ಅಂದರೆ ವಿದೇಶಕ್ಕೆ ಹೋಗುವ ಕಾಗದದ ಮೇಲೆ ಸರ್ಕಾರ ಹಾಕುವ ದೃಢೀಕರಣ, ಬೇಕು. ಮೆಡಿಕಲ್‌ಗೆ ಯಾವುದಾದರೂ ಒಳ್ಳೆ ಲ್ಯಾಬ್‌ನಲ್ಲಿ ಫುಲ್ ಬಾಡಿ ಚೆಕಪ್ ಸಾಕು. ಮೂರಕ್ಕೆ ಮೂರೂ ತಪ್ಪು. ಅವನ ಮಾತು ಕೇಳಿ ಮಗಳಿಗೆ 3,800 ರೂಪಾಯಿ ಕೊಟ್ಟು ಚೆಕಪ್ ಮಾಡಿಸಿದೆ. ಥೈರಾಯ್ಡ್, ಕೊಲೆಸ್ಟ್ರಾಲ್, ವಿಟಮಿನ್ ಡಿ ಎಲ್ಲ ಇತ್ತು. ಅಮೆರಿಕದವರಿಗೆ ಅದರಲ್ಲಿ ಒಂದೂ ಬೇಡ. ವಿಟಮಿನ್ ಡಿ ಕಡಿಮೆ ಇದೆ ಅಂತ ಗೊತ್ತಾಯಿತು, ಅಷ್ಟೇ ಲಾಭ.

ಈ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮದುವೆ ಆದದ್ದು 2022ರ ಡಿಸೆಂಬರ್‌ನಲ್ಲಿ. ಮರುವರ್ಷ ಅಳಿಯ ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿಂದ ಐ-130 ಅಂತ ಅರ್ಜಿ ಹಾಕಿದರು. ಆಗ ಅದಕ್ಕೆ 535 ಡಾಲರ್ ಇತ್ತು. 2024ರ ಏಪ್ರಿಲ್‌ನಿಂದ ಕಾಗದದಲ್ಲಿ ಹಾಕಿದರೆ 675, ಆನ್‌ಲೈನ್‌ನಲ್ಲಿ 625 ಆಯಿತು. ಆಗ ಅಳಿಯನದ್ದು ಬರೀ ಗ್ರೀನ್ ಕಾರ್ಡ್. ಗ್ರೀನ್ ಕಾರ್ಡ್‌ನವರ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಅಂತ ಮಿತಿ ಇದೆ, ಸರದಿ ಕಾಯಬೇಕು. 2024ರಲ್ಲಿ ಅವರಿಗೆ ಪೌರತ್ವ ಸಿಕ್ಕಿತು. ಪೌರರ ಹೆಂಡತಿಗೆ ಆ ಸರದಿ ಇಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ ಫೈಲು ಅಮೆರಿಕ ಸರ್ಕಾರದ ನ್ಯಾಷನಲ್ ವೀಸಾ ಸೆಂಟರ್ ಎಂಬ ಕಚೇರಿಗೆ ಹೋಗುತ್ತದೆ. ಅಲ್ಲಿ 325 ಡಾಲರ್ ವೀಸಾ ಶುಲ್ಕ, 120 ಡಾಲರ್ ಆಸರೆಪತ್ರದ ಶುಲ್ಕ. ಆಸರೆಪತ್ರ ಅಂದರೆ ಐ-864, ‘ಇವಳನ್ನು ನಾನು ಸಾಕುತ್ತೇನೆ’ ಅಂತ ಗಂಡ ಬರೆದುಕೊಡುವುದು. ಇಬ್ಬರ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ 26,437 ಡಾಲರ್ ಆದಾಯ ತೋರಿಸಬೇಕಿತ್ತು. ಅಳಿಯನ ಸಂಬಳ ಅದಕ್ಕಿಂತ ಜಾಸ್ತಿ, ಆ ಚಿಂತೆ ನಮಗೆ ಬರಲಿಲ್ಲ. ಡಿಎಸ್-260 ಎಂಬ ಆನ್‌ಲೈನ್ ಫಾರ್ಮ್ ಮಗಳು ತಾನೇ ತುಂಬಿದಳು. ಓದು ಬಂದರೆ ತುಂಬಬಹುದು, ಅದಕ್ಕೆ ಯಾರಿಗೂ ದುಡ್ಡು ಕೊಡುವುದು ಬೇಡ.

ಉಳಿದದ್ದು ಊರಿನ ಕಾಗದ. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರ, ಪಾಸ್‌ಪೋರ್ಟ್, ಫೋಟೋ. ಐದೇ ಐದು. ಐದರಲ್ಲಿ ಹೆಸರು ಒಂದೇ ಥರ ಇದ್ದರೆ ಏನೂ ಕಷ್ಟವಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿ ಹಾಗಿರುತ್ತದೆ ಹೇಳಿ?

ನಾನು ಮಾಸ್ತರರ ಅಂಗಡಿಗೆ ಹೋದದ್ದು ನೋಟರಿ ಮಾಡಿಸುವ ಮುಂಚೆ ಜೆರಾಕ್ಸ್‌ಗೆ ಅಂತ. ಜನನ ಪ್ರಮಾಣಪತ್ರ ಕೊಟ್ಟು ಹತ್ತು ಕಾಪಿ ಅಂದೆ. ಅವರು ಮಷಿನ್‌ಗೆ ಇಡಲಿಲ್ಲ. ಕನ್ನಡಕ ಏರಿಸಿ ಓದತೊಡಗಿದರು. ಹಿಂದೆ ನಾಲ್ಕು ಜನ ನಿಂತಿದ್ದಾರೆ, ಇವರು ಪೇಪರ್ ಓದಿದಂತೆ ಓದುತ್ತಿದ್ದಾರೆ. ನನಗೆ ಸಿಟ್ಟು ಬಂತು.

“ಕಂಡಕ್ಟರ್ ಸಾಹೇಬ್ರ, ಇದು ಎಲ್ಲಿಗೆ ಹೊಂಟೈತಿ?”

“ಅಮೆರಿಕಾಕ್ಕ.”

“ಪಾಸ್‌ಪೋರ್ಟ್ ಐತೇನ್ರಿ, ತೋರಸ್ರಿ.”

ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದು ಜನನ ಪ್ರಮಾಣಪತ್ರದ ಪಕ್ಕ ಇಟ್ಟರು. ತಾಯಿಯ ಹೆಸರಿನ ಮೇಲೆ ಬೆರಳಿಟ್ಟರು. “ಹುಡುಗಿಗೆ ಅವ್ವಗೋಳು ಇಬ್ರಾ?”

ನನ್ನ ಹೆಂಡತಿಗೆ ಎರಡು ಹೆಸರು. ಬೆಟಗೇರಿಯ ತವರಿನಲ್ಲಿ ಇಟ್ಟದ್ದು ಒಂದು. 1994ರಲ್ಲಿ ಮದುವೆಯ ದಿನ ಅಕ್ಕಿ ತುಂಬಿದ ತಾಟಿನಲ್ಲಿ ನಾನು ಉಂಗುರದಿಂದ ಬರೆದದ್ದು ಇನ್ನೊಂದು. ರೇಷನ್ ಕಾರ್ಡು, ಆಧಾರ್, ಮಗಳ ಪಾಸ್‌ಪೋರ್ಟ್ ಎಲ್ಲದರಲ್ಲಿ ಎರಡನೆಯದೇ ಇದೆ. ಆದರೆ ಮಗಳು ಹುಟ್ಟಿದ್ದು 1996ರಲ್ಲಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ. ಗದಗ-ಬೆಟಗೇರಿ ನಗರಸಭೆಯಲ್ಲಿ ಹೆಸರು ಬರೆಸಿ ಬಂದವರು ಅವಳ ಅಣ್ಣ. ತಂಗಿಯನ್ನು ಕರೆಯುವ ಹೆಸರನ್ನೇ ಬರೆಸಿದ್ದಾರೆ. ಅವರದ್ದೇನು ತಪ್ಪು? ಸುಮಾರು ಮೂವತ್ತು ವರ್ಷ ಆ ಕಾಗದ ನಮ್ಮ ಟ್ರಂಕಿನಲ್ಲಿತ್ತು. ಒಬ್ಬರೂ ನೋಡಿರಲಿಲ್ಲ. 15 ಸಾವಿರ ಇಸಕೊಂಡ ಕನ್ಸಲ್ಟೆನ್ಸಿಯವರೂ ನೋಡಲಿಲ್ಲ, ಸ್ಕ್ಯಾನ್ ಮಾಡಿ ಫೈಲಿಗೆ ಹಾಕಿಟ್ಟಿದ್ದರು.

“ಹೆಸರು ಬದಲಾತು ಅನ್ನೂದಕ್ಕ ಏನರ ಕಾಗದ ಐತೇನ್ರಿ?” ಅಂತ ಮಾಸ್ತರ್ ಕೇಳಿದರು. ಏನಿದೆ? ಆ ಅಕ್ಕಿಯಲ್ಲಿ ಮರುದಿನ ಹುಗ್ಗಿ ಮಾಡಿ ಉಂಡಿದ್ದೆವು.

ನಾನು ಅವರಿಗೆ ಪೂರ್ತಿ ಅಂಕ ಕೊಡುವುದು ಇಲ್ಲಿ. ಡಿಪೋದಲ್ಲಿ ವೇಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ ಒಪ್ಪಿಸುವಾಗ ಒಂದು ಟಿಕೆಟ್ ನಂಬರ್ ಜಿಗಿದಿದ್ದರೆ ಕ್ಯಾಷಿಯರ್ ದುಡ್ಡು ಮುಟ್ಟುವುದಿಲ್ಲ. ಮೊದಲು ನಂಬರ್ ಹುಡುಕು ಅಂತಾನೆ. ಮಾಸ್ತರ್ ಅದೇ ಜಾತಿಯವರು. ಅವತ್ತು ಒಂದು ರೂಪಾಯಿ ವ್ಯಾಪಾರ ಮಾಡದೆ, ತರಬೇಕಾದ ಕಾಗದಗಳನ್ನು ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟು ಕಳಿಸಿದರು.

ಬೆಟಗೇರಿಗೆ ಹೋಗಿ ಜನನ ಪ್ರಮಾಣಪತ್ರದ ಹೊಸ ಪ್ರತಿ ತಂದೆ. ಹಳೆಯದು ಕೈಬರಹ, ಮಡಿಕೆಯಲ್ಲಿ ಹರಿದಿತ್ತು. ಹೊಸದು ಕನ್ನಡ ಇಂಗ್ಲಿಷ್ ಎರಡರಲ್ಲೂ ಅಚ್ಚಾಗಿ ಬಂತು. ತಾಯಿಯ ಹೆಸರು ಮಾತ್ರ ಹಳೆಯದೇ. ಆಮೇಲೆ ಹೆಂಡತಿಯಿಂದ ಒಂದು ಅಫಿಡವಿಟ್, ‘ಈ ಎರಡೂ ಹೆಸರಿನವಳು ನಾನೊಬ್ಬಳೇ’ ಅಂತ. ಹೆರಿಗೆ ಸಮಯದಲ್ಲಿ ಹತ್ತಿರವಿದ್ದ ಇಬ್ಬರು ಹಿರಿಯರಿಂದ ಇನ್ನೆರಡು. ಇವಕ್ಕೆ ಇ-ಸ್ಟಾಂಪ್ ಮತ್ತು ನೋಟರಿ ಬೇಕೇ ಬೇಕು, ಮಾಸ್ತರ್ ಅಲ್ಲೇ ಪಕ್ಕದಲ್ಲಿ ಮಾಡಿಸಿಕೊಟ್ಟರು. ಹಳೆ ಹೆಸರಿಗೆ ಸಾಕ್ಷಿಯಾಗಿ ಹೆಂಡತಿಯ ಶಾಲೆಯ ಟಿಸಿ, ನಮ್ಮ ಲಗ್ನಪತ್ರಿಕೆ. ಅವೆರಡೂ ಬರೀ ಕನ್ನಡದಲ್ಲಿದ್ದವು. ಅದಕ್ಕೆ ಭಾಷಾಂತರ.

ಭಾಷಾಂತರದ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕೆಳಗೆ ಭಾಷಾಂತರ ಮಾಡಿದವರು ‘ನನಗೆ ಎರಡೂ ಭಾಷೆ ಬರುತ್ತದೆ, ಇದು ಸರಿಯಾದ ಭಾಷಾಂತರ’ ಎಂದು ಬರೆದು ಹೆಸರು, ಸಹಿ, ತಾರೀಖು ಹಾಕಬೇಕು. ನಮ್ಮದು ಅಷ್ಟರಲ್ಲೇ ನಡೆಯಿತು. ಮಾಸ್ತರ್ ಪುಟಕ್ಕೆ 200 ರೂಪಾಯಿ ತೊಗೊಂಡರು. ಕನ್ಸಲ್ಟೆನ್ಸಿಯವರು ಅದೇ ಪುಟಕ್ಕೆ 1,200 ಹೇಳಿದ್ದರು, ಅಪಾಸ್ಟಿಲ್ ಬೇರೆ.

ಟಿಸಿಯಲ್ಲಿ ‘ಶಾಲೆ ಬಿಟ್ಟ ಕಾರಣ’ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ‘ಪಾಲಕರ ಇಚ್ಛೆ’ ಅಂತ ಬರೆದಿತ್ತು. ಮಾಸ್ತರ್ ಅದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಜೋರಾಗಿ ಓದಿದರು, ಮತ್ತೆ ಕನ್ನಡದಲ್ಲಿ ಹೇಳಿದರು. ಹೆಂಡತಿ ಬೆಂಚಿನ ಮೇಲೆ ಕೂತು ಕೇಳುತ್ತಿದ್ದಳು. “ಖರೆ ಅದ ನೋಡ್ರಿ. ನನ್ನ ಇಚ್ಛಾ ಯಾರೂ ಕೇಳಿರ್ಲಿಲ್ಲ,” ಅಂದಳು. ಒಂಬತ್ತನೇ ಇಯತ್ತೆಯಲ್ಲಿ ಬಿಡಿಸಿದ್ದರು. ಇಷ್ಟು ವರ್ಷದಲ್ಲಿ ನನ್ನ ಮುಂದೆ ಒಮ್ಮೆಯೂ ಆ ಮಾತು ಎತ್ತಿದವಳಲ್ಲ.

ಮದುವೆ ಪ್ರಮಾಣಪತ್ರ ನಮ್ಮ ಪುಣ್ಯಕ್ಕೆ ಸಲೀಸಾಗಿತ್ತು. ಅಳಿಯ ಊರಲ್ಲಿದ್ದಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದೆವು. ಕಲ್ಯಾಣ ಮಂಟಪದವರೋ ಮಠದವರೋ ಕೊಡುವ ಪತ್ರ ನಡೆಯುವುದಿಲ್ಲ. ಪ್ರಮಾಣಪತ್ರದ ಹಿಂಭಾಗದಲ್ಲಿ ಒಂದು ಸೀಲು ಇತ್ತು. ಮಾಸ್ತರ್ ಹಿಂದೆ ಮುಂದೆ ಎರಡನ್ನೂ ಕಲರ್‌ನಲ್ಲಿ ಸ್ಕ್ಯಾನ್ ಮಾಡಿ ಒಂದೇ ಫೈಲ್ ಮಾಡಿದರು. ಸೀಲು ಇರುವ ಹಿಂಬದಿಯನ್ನೂ ಕಳಿಸಬೇಕು. ಪೊಲೀಸ್ ಪ್ರಮಾಣಪತ್ರಕ್ಕೆ ಠಾಣೆಗೆ ಹೋಗುವುದಲ್ಲ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವುದು. ಶುಲ್ಕ 500. ಮಗಳಿಗೆ ಹನ್ನೆರಡು ದಿನದಲ್ಲಿ ಬಂತು. ಅದು ಎರಡು ವರ್ಷ ನಡೆಯುತ್ತದೆ, ಗಡಿಬಿಡಿ ಮಾಡಿ ಮೊದಲೇ ತೆಗೆಸಿಡಬೇಡಿ.

ಫೋಟೋ ಕಥೆ ಚಿಕ್ಕದು. ಎರಡು ಇಂಚು ಉದ್ದ, ಎರಡು ಇಂಚು ಅಗಲ, ಹಿಂದೆ ಬಿಳಿ, ಕನ್ನಡಕ ಇರಬಾರದು. ಒಂದು ಸ್ಟುಡಿಯೋದವನು ಮಗಳ ಮುಖವನ್ನು ಕಂಪ್ಯೂಟರ್‌ನಲ್ಲಿ ಬೆಳ್ಳಗೆ ಮಾಡಿ, ಗಲ್ಲದ ಮಚ್ಚೆ ಅಳಿಸಿ ಕೊಟ್ಟ. ವರ ನೋಡಲು ಬರುತ್ತಾನೆ ಅಂದುಕೊಂಡನೇನೋ. ಲಗ್ನ ಆಗಿದೆಯಪ್ಪಾ ಅಂದೆ. ಮತ್ತೆ ತೆಗೆಸಿದೆವು.

ಇನ್ನು ಮುಂಬೈ. ಮಗಳ ವೀಸಾಕ್ಕೆ ಸಂದರ್ಶನ ಇದ್ದದ್ದು ಮುಂಬೈಯ ಅಮೆರಿಕ ಕಾನ್ಸುಲೇಟ್‌ನಲ್ಲಿ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಮೆಡಿಕಲ್ ಮಾಡುವವರು ಕಾನ್ಸುಲೇಟ್ ಗೊತ್ತುಮಾಡಿದ ಪ್ಯಾನೆಲ್ ವೈದ್ಯರು ಮಾತ್ರ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಅಂಥವರಿಲ್ಲ. ಕಾನ್ಸುಲೇಟ್‌ನವರ ಪಟ್ಟಿ ನೋಡಿ ಅಪಾಯಿಂಟ್‌ಮೆಂಟ್ ತೊಗೋಬೇಕು. ಸಂದರ್ಶನಕ್ಕೆ ಒಂದು ವಾರ ಮೊದಲು ಮಾಡಿಸೋಣ ಅಂತ ದಾದರ್ ರೈಲು ಹತ್ತಿದೆವು. ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮುಂಬೈಯಲ್ಲಿ ಮೂರು ದಿನ ಬಂತು.

ಆ ಮೆಡಿಕಲ್ ಸೆಂಟರ್‌ಗೆ ನಾನು ಐದಕ್ಕೆ ಮೂರು ಕೊಡುತ್ತೇನೆ. ಸ್ವಚ್ಛ ಇದೆ. ಡಾಕ್ಟರರು ಒಳ್ಳೆಯವರು. ಆದರೆ ಎಂಟಕ್ಕೆ ಬನ್ನಿ ಅಂತ ಹೇಳಿ ಹತ್ತೂವರೆಗೆ ಕರೆದರು. ಕೌಂಟರಿನ ಹುಡುಗಿ ಮಗಳ ಹೆಸರಿನ ಚೀಟಿ ಕೊಟ್ಟಳು. 31 ವರ್ಷದ ಚಟ, ನೋಡದೆ ಜೇಬಿಗೆ ಹಾಕುವುದಿಲ್ಲ. ನೋಡಿದರೆ ಹೆಸರಿನಲ್ಲಿ ಟಿ ಆದಮೇಲೆ ಒಂದು ಎಚ್ ಜಾಸ್ತಿ! ಪಾಸ್‌ಪೋರ್ಟ್‌ನಲ್ಲಿ ಅದು ಇಲ್ಲ. “ಚಲೇಗಾ ಅಂಕಲ್” ಅಂದಳು. ನಹೀ ಚಲೇಗಾ ಅಂದೆ. ನನ್ನ ಹಿಂದಿ ಅಷ್ಟೇ. ಮುಖ ಊದಿಸಿಕೊಂಡು ಇನ್ನೊಂದು ಚೀಟಿ ತೆಗೆದಳು.

ಪರೀಕ್ಷೆ ಏನೇನು ಅಂತ ಬರೆಯುವುದು ಅಪ್ಪನಾಗಿ ಸ್ವಲ್ಪ ಮುಜುಗರ. ಆದರೂ ನಮ್ಮ ಓಣಿಯಲ್ಲಿ ಎಂಥೆಂಥ ಸುದ್ದಿ ಹಬ್ಬಿತ್ತು ಅಂದರೆ ಬರೆಯಲೇಬೇಕು. ಮೊದಲು ಎದೆಯ ಎಕ್ಸ್‌ರೇ, ಕ್ಷಯ ನೋಡಲು. 15 ವರ್ಷ ದಾಟಿದವರಿಗೆಲ್ಲ ಇದೆ. ರಕ್ತ ತೊಗೊಳ್ಳುವುದು ಸಿಫಿಲಿಸ್‌ಗೆ, ಮೂತ್ರ ಗೊನೋರಿಯಾಗೆ. ಯಾರ ಮೇಲೂ ಸಂಶಯ ಇದ್ದು ಅಲ್ಲ, ವಯಸ್ಸು ನೋಡಿ ಎಲ್ಲರಿಗೂ ಮಾಡುತ್ತಾರೆ. ಎಚ್‌ಐವಿ ಪರೀಕ್ಷೆ ಕಡ್ಡಾಯ ಇತ್ತು, 2010ರಲ್ಲೇ ತೆಗೆದಿದ್ದಾರೆ. ಆಮೇಲೆ ಡಾಕ್ಟರ್ ಕಣ್ಣು, ಎದೆ, ಹೊಟ್ಟೆ ಮುಟ್ಟಿ ನೋಡುತ್ತಾರೆ. ಮಗಳನ್ನು ನೋಡಿದ್ದು ಹೆಣ್ಣು ಡಾಕ್ಟರ್. ಎಕ್ಸ್‌ರೇಗೆ ಮೊದಲು ಮುಟ್ಟಿನ ತಾರೀಖು ಕೇಳಿದರಂತೆ. ಬಸುರಿ ಇದ್ದರೆ ಮೊದಲೇ ಹೇಳಬೇಕು. ಹೊಟ್ಟೆಗೆ ಕವಚ ಕಟ್ಟಿ ಎಕ್ಸ್‌ರೇ ತೆಗೆಯುತ್ತಾರೆ, ದಡಾರದ ಎಂಎಂಆರ್ ಥರದ ಲಸಿಕೆ ಕೊಡುವುದಿಲ್ಲ.

ಲಸಿಕೆಯ ಚೀಟಿ ನಮ್ಮ ಹತ್ತಿರ ಇರಲಿಲ್ಲ. ಬಾಲ್ಯದ ಚೀಟಿ ಯಾರು ಇಟ್ಟಿರುತ್ತಾರೆ? ಎಂಎಂಆರ್, ಧನುರ್ವಾಯುವಿನ ಟಿಡ್ಯಾಪ್, ಹೆಪಟೈಟಿಸ್ ಬಿ ಒಂದೇ ದಿನ ಹಾಕಿದರು, ಎರಡೂ ರಟ್ಟೆಗೆ. ಚಿಕನ್ ಪಾಕ್ಸ್ ಲಸಿಕೆ ಉಳಿಯಿತು. ಡಾಕ್ಟರ್ ಮೊದಲು ಆಗಿತ್ತಾ ಅಂತ ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಹೆಂಡತಿಗೆ ಫೋನ್ ಹಚ್ಚಿದೆ. “ಎರಡನೇತ್ತದಾಗ ಅಮ್ಮ ಬಂದಿದ್ಲಲ್ಲ, ಬೇವಿನ ತಪ್ಪಲ ಹಾಸಿ ಮಲಗ್ಸಿದ್ವಿ, ನೀವು ಗದಗ ಗಾಡಿ ಮ್ಯಾಲೆ ಇದ್ರಿ,” ಅಂದಳು. ಅದನ್ನು ಮಗಳು ಇಂಗ್ಲಿಷ್‌ನಲ್ಲಿ ಹೇಳಿದಳು. ರೋಗ ಬಂದುಹೋದದ್ದನ್ನು ನಂಬುವ ಹಾಗೆ ಹೇಳಿದರೆ ಆ ಲಸಿಕೆ ಬೇಕಿಲ್ಲವಂತೆ. ಡಾಕ್ಟರ್ ಬರೆದುಕೊಂಡರು. ಬೇವಿನ ತಪ್ಪಲೂ ಕೆಲಸಕ್ಕೆ ಬಂತು.

ನಮ್ಮ ಪಕ್ಕ ಬೀದರ್ ಕಡೆಯ ಒಬ್ಬ ಹುಡುಗ ಕೂತಿದ್ದ. ಕಾಲೇಜಿನಲ್ಲಿದ್ದಾಗ ಕ್ಷಯಕ್ಕೆ ಔಷಧ ತೊಗೊಂಡು ವಾಸಿಯಾಗಿತ್ತು. ಎಕ್ಸ್‌ರೇಯಲ್ಲಿ ಹಳೆ ಕಲೆ ಕಂಡಿತು. ಮೂರು ದಿನ ಬೆಳಗ್ಗೆ ಬೆಳಗ್ಗೆ ಕಫ ಕೊಡಬೇಕು, ಅದರಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ವರದಿಗೆ ಎಂಟು ವಾರ. ಅವನು ಹಳೆ ಎಕ್ಸ್‌ರೇ, ಔಷಧದ ಕಾಗದ ಏನೂ ತಂದಿರಲಿಲ್ಲ. ‘ತರಬೇಕು ಅಂತ ಏಜೆಂಟ್ ಹೇಳಲೇ ಇಲ್ಲ’ ಅಂದ. ಮನೆಯಲ್ಲಿ ಯಾರಿಗಾದರೂ ಅಂಥ ಇತಿಹಾಸ ಇದ್ದರೆ ಹಳೆ ಕಾಗದ ಎಲ್ಲ ಒಯ್ಯಿರಿ. ಅಂಥವರು ಮೆಡಿಕಲ್ ಅನ್ನು ಸಂದರ್ಶನಕ್ಕೆ ತೀರ ಹತ್ತಿರ ಇಟ್ಟುಕೊಳ್ಳಬೇಡಿ. ತೀರ ಮುಂಚೆಯೂ ಬೇಡ. ಮೆಡಿಕಲ್ ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ, ವೀಸಾದ ಕೊನೆಯ ದಿನವನ್ನು ಅದಕ್ಕೇ ಕಟ್ಟುತ್ತಾರೆ. ರಿಪೋರ್ಟ್ ಮುಚ್ಚಿದ ಲಕೋಟೆಯಲ್ಲಿ ಕೈಗೆ ಕೊಟ್ಟರೆ ಒಡೆದು ನೋಡಬಾರದು. ನಮ್ಮದನ್ನು ಅವರೇ ನೇರ ಕಳಿಸಿದರು.

ಸಂದರ್ಶನದ ದಿನ ಮಗಳು ಒಳಗೆ ಹೋದಳು, ನಾನು ಫೋನು ಚೀಲ ಹಿಡಿದು ಹೊರಗೆ. ಗಂಡನ ಕೆಲಸ ಏನು, ಮದುವೆಗೆ ಎಷ್ಟು ಜನ ಬಂದಿದ್ದರು, ಇಬ್ಬರೂ ಎಷ್ಟು ಸಲ ಭೇಟಿಯಾದಿರಿ ಅಂತ ಕೇಳಿದರಂತೆ. ಆಮೇಲೆ ಆಫೀಸರ್ ಜನನ ಪ್ರಮಾಣಪತ್ರ ಎತ್ತಿಕೊಂಡು ತಾಯಿಯ ಹೆಸರು ಯಾಕೆ ಬೇರೆ ಅಂದರಂತೆ. ಮಗಳು ಅಫಿಡವಿಟ್, ಟಿಸಿ, ಲಗ್ನಪತ್ರಿಕೆ ಮುಂದಿಟ್ಟಳು, ಅಕ್ಕಿಯ ತಾಟಿನ ಕಥೆಯನ್ನೂ ಹೇಳಿದಳು. ಎರಡು ನಿಮಿಷ ಓದಿ, ಸರಿ ಅಂದರಂತೆ. ಇಲ್ಲದಿದ್ದರೆ ‘ಇನ್ನೂ ಕಾಗದ ತನ್ನಿ’ ಎನ್ನುವ ಹಳದಿಯೋ ಬಿಳಿಯೋ ಒಂದು ಚೀಟಿ ಹಿಡಿದು ವಾಪಸ್ ಬರಬೇಕಿತ್ತು. ವೀಸಾ ಬಂತು. ಅವಳು ಅಲ್ಲಿ ಇಳಿಯುವ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ದಾಟಿತ್ತು, ಆದ್ದರಿಂದ ಹತ್ತು ವರ್ಷದ ಕಾರ್ಡ್. ಎರಡು ವರ್ಷದೊಳಗೆ ಇಳಿದವರಿಗೆ ಎರಡೇ ವರ್ಷದ್ದು ಕೊಡುತ್ತಾರೆ, ಮತ್ತೊಂದು ಅರ್ಜಿ ಹಾಕಬೇಕು. ಕಾರ್ಡಿಗೆ ಅಂತ ಇನ್ನೊಂದು 235 ಡಾಲರ್ ಕಟ್ಟುವುದಿದೆ, ಮರೆಯಬೇಡಿ.

ಮಾಸ್ತರರ ಲೆಕ್ಕ: ಭಾಷಾಂತರ, ಮೂರು ಅಫಿಡವಿಟ್, ಸ್ಟಾಂಪು, ನೋಟರಿ, ಸ್ಕ್ಯಾನ್, ಜೆರಾಕ್ಸ್ ಎಲ್ಲ ಸೇರಿ 2,640 ರೂಪಾಯಿ. ಕನ್ಸಲ್ಟೆನ್ಸಿಯ ಮುಂಗಡ 15 ಸಾವಿರ ವಾಪಸ್ ಬರಲಿಲ್ಲ. ಮೂರು ಸಲ ಕೇಳಿದೆ, ‘ಫೈಲ್ ಓಪನಿಂಗ್ ಚಾರ್ಜ್’ ಅಂದರು.

ಮಾಸ್ತರರಲ್ಲಿ ದೋಷ ಇಲ್ಲ ಅಂತಲ್ಲ. ಬಹಳ ನಿಧಾನ. ಮಧ್ಯಾಹ್ನ ಒಂದೂವರೆಗೆ ಬಾಗಿಲು ಎಳೆದರೆ ನಾಲ್ಕಕ್ಕೇ ತೆರೆಯುವುದು, ಊಟ ಮಾಡಿ ಮಲಗಿ ಬರುತ್ತಾರೆ. ಫೋನ್ ಎತ್ತುವುದಿಲ್ಲ. ಕರೆಂಟ್ ಹೋದರೆ ಕೆಲಸ ನಿಂತಿತು. ರಶೀದಿ ಕೇಳಿದರೆ ಬೇಜಾರು. ಸಹಿ ತಪ್ಪು ಜಾಗಕ್ಕೆ ಹಾಕಿದರೆ ಶಾಲೆಯ ಹುಡುಗರಿಗೆ ಬೈದಂತೆ ಬೈಯುತ್ತಾರೆ. ಲ್ಯಾಮಿನೇಶನ್ ಮಾಡಿಕೊಡಿ ಅಂತ ಮಾತ್ರ ಕೇಳಲೇಬೇಡಿ, ಒಂದು ತಾಸು ಉಪದೇಶ ಕೇಳಬೇಕಾಗುತ್ತದೆ. ಐದಕ್ಕೆ ನಾಲ್ಕೂವರೆ. ಆ ಅರ್ಧ ‘ಷ’ಗೆ ಬಣ್ಣ ಹಚ್ಚಿದ ಮೇಲೆ ಕೊಡುತ್ತೇನೆ.

ವೀಸಾ ಬಂದ ಮೇಲೆ ಅರ್ಧ ಕೆಜಿ ಪೇಡಾ ಒಯ್ದು ಕೊಟ್ಟೆ. ಅಲ್ಲಿದ್ದವರಿಗೆಲ್ಲ ಹಂಚಿ, ಖಾಲಿ ಡಬ್ಬಿಗೆ ಸ್ಟೇಪ್ಲರ್ ಪಿನ್ ತುಂಬಿಕೊಂಡರು. ಈಗ ಮಗಳು ಬಾಣಂತನಕ್ಕೆ ಬರ್ರಿ ಅಂತ ಕರೆಯುತ್ತಿದ್ದಾಳೆ. ನಾವಿಬ್ಬರೂ ಪಾಸ್‌ಪೋರ್ಟ್ ಮಾಡಿಸಬೇಕು. ಯಾವ ಹೆಸರಿನಲ್ಲಿ ಮಾಡಿಸೋಣ ಅಂತ ಹೆಂಡತಿಯನ್ನು ಕೇಳಿದೆ. “ಅದನ್ನ ಮಾಸ್ತರ್ ಮುಂದ ಹೇಳ್ತೀನಿ,” ಅಂದಿದ್ದಾಳೆ. ಗುರುವಾರ ನಾಲ್ಕು ಗಂಟೆಗೆ ಹೋಗುತ್ತಿದ್ದೇವೆ.